ಚೈನಿಗಂಟಿದ ಕೆಮ್ಮಣ್ಣು

ಹತ್ತೊಂಬತ್ತನೇ ಶತಮಾನದ ಮದ್ರಾಸ್ ಸೇನೆಗೆ ಗಾಡಿ ಬೇಕಾದಾಗ ಹುಣಸೂರಿನ ಬಡಗಿಗಳಿಗೆ ಕೆಲಸ ಬರುತ್ತಿತ್ತು. ಸೇನೆಯ ಸರಬರಾಜು ಇಲಾಖೆ ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಅಂಗಳ ಎಲ್ಲವನ್ನೂ ಇಟ್ಟುಕೊಂಡಿತ್ತು. ಬೂಟು, ಬೆನ್ನುಚೀಲ, ಗಾಡಿಗಳು ಇಲ್ಲಿಂದ ದಂಡಿಗೆ ಹೋಗುತ್ತಿದ್ದವು. ಫಿರಂಗಿ ಎಳೆಯಲು ಹೆಸರಾದ ಅಮೃತಮಹಲ್ ಎತ್ತುಗಳ ಇಲಾಖೆಯ ಠಾಣ್ಯವೂ ಇದೇ ಊರು. 1864ರಲ್ಲಿ ಕಾರ್ಖಾನೆ ಮುಚ್ಚಿತು. ಕಸುಬು ಕಲಿತ ಕೈಗಳು ಮಾತ್ರ ಗಾಡಿ, ಬೂಟು, ಕಂಬಳಿ ಮಾಡುತ್ತಾ ಊರಲ್ಲೇ ಉಳಿದವು.

ಇಲ್ಲಿ ಹೇಳಹೊರಟಿರುವುದು ಇನ್ನೊಂದು ಬಗೆಯ ದಂಡಿನ ಗಾಡಿಯ ಬಗ್ಗೆ. ಇದು ಪ್ಲಾಸ್ಟಿಕ್ಕಿನದು, ಅಂಗೈ ಮೇಲೆ ನಿಲ್ಲುತ್ತದೆ, ಒಂದು ಗೇಣೂ ಮುಂದೆ ಹೋಗುವುದಿಲ್ಲ. ಆದರೂ ಎಲ್ಲಿಂದಲೋ ದಾರಿ ಸವೆಸಿ ಬಂದು ಈಗಷ್ಟೇ ನಿಂತ ಹಾಗೆ ಕಾಣಬೇಕು. ಪುಟ್ಟ ಟ್ಯಾಂಕ್ ಮಾದರಿಗಳನ್ನು ಜೋಡಿಸಿ, ಬಣ್ಣ ಹಚ್ಚಿ, ಮಣ್ಣು ಮೆತ್ತುವ ಹವ್ಯಾಸದ ಕಷ್ಟವೂ ಮಜವೂ ಅಲ್ಲೇ ಇದೆ.

ಕಿಟ್‌ನ ಪೆಟ್ಟಿಗೆ ತೆರೆದರೆ ಸಿಗುವುದು ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟುಗಳು. ಅವಕ್ಕೆ ಸ್ಪ್ರೂ ಎನ್ನುತ್ತಾರೆ. ಚಕ್ರ, ಮುಚ್ಚಳ, ಕೊಕ್ಕೆ, ಸನಿಕೆ, ಕೊಡಲಿ ಹೀಗೆ ನೂರಾರು ಬಿಡಿಭಾಗಗಳು ಆ ಕಡ್ಡಿಗಳಿಗೆ ಅಂಟಿಕೊಂಡಿರುತ್ತವೆ. ಟ್ಯಾಂಕ್ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 1:35. ಅಂದರೆ ನಿಜದ 35 ಸೆಂಟಿಮೀಟರ್ ಇಲ್ಲಿ ಒಂದು ಸೆಂಟಿಮೀಟರ್, ಐದೂಮುಕ್ಕಾಲು ಅಡಿಯ ಸಿಪಾಯಿ ಐದು ಸೆಂಟಿಮೀಟರಿನ ಗೊಂಬೆ. 1:72 ಇದರ ಅರ್ಧಕ್ಕೂ ಕಡಿಮೆ. ಅದಕ್ಕೆ ಜಾಗ ಕಡಿಮೆ ಸಾಕು, ದುಡ್ಡೂ ಕಡಿಮೆ, ಕಣ್ಣಿಗೆ ಮಾತ್ರ ಕೆಲಸ ಹೆಚ್ಚು.

ಈ 35 ಎಲ್ಲಿಂದ ಬಂತು? ಲೆಕ್ಕಕ್ಕೆ ಒಗ್ಗದ ಸಂಖ್ಯೆ. ಇದರ ಮೂಲ ಜಪಾನಿನ ಶಿಜುವೊಕ ನಗರದ ತಾಮಿಯಾ ಕಂಪನಿ. ಅವರು ಶುರುಮಾಡಿದ್ದು 1946ರಲ್ಲಿ, ಸಾಮಿಲ್ಲು ಮತ್ತು ಮರದ ವ್ಯಾಪಾರವಾಗಿ. ಹುಣಸೂರಿನವರಿಗೆ ಸಾಮಿಲ್ಲಿನ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. 1951ರಲ್ಲಿ ಬೆಂಕಿ ಬಿದ್ದು ದಾಸ್ತಾನು ಸುಟ್ಟುಹೋಯಿತು. ಮರದ ವ್ಯಾಪಾರದಿಂದ ಮೆಲ್ಲಗೆ ಮರದ ಮಾದರಿಗಳತ್ತ, ಅಲ್ಲಿಂದ ಪ್ಲಾಸ್ಟಿಕ್ಕಿನತ್ತ ಹೊರಳಿದರು. 1960ರ ದಶಕದ ಆರಂಭದಲ್ಲಿ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕ್ ಮಾಡಿದಾಗ, ಹೊಟ್ಟೆಯೊಳಗೆ ಬ್ಯಾಟರಿ ಕೂರಬೇಕಿತ್ತು. ಬ್ಯಾಟರಿಗೆ ತಕ್ಕಂತೆ ಒಡಲು ಹಿಗ್ಗಿಸಿ ಆಮೇಲೆ ಅಳೆದರೆ ಹೆಚ್ಚುಕಡಿಮೆ 1:35 ಬಂತು. ಬ್ಯಾಟರಿ, ಮೋಟಾರು ಎರಡೂ ಬಳಕೆ ತಪ್ಪಿದರೂ ಅಳತೆ ಉಳಿದುಕೊಂಡಿತು. ಮಿಕ್ಕ ಕಂಪನಿಗಳೂ ಅದನ್ನೇ ಹಿಡಿದವು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಕಿಟ್ ಕೊಳ್ಳಲು ಅಂಗಡಿ ಹುಡುಕುವುದಕ್ಕಿಂತ ಆನ್‌ಲೈನಿನಲ್ಲಿ ತರಿಸುವುದೇ ಸಲೀಸು. ಮಿಕ್ಕ ಸಾಮಾನು ಪೇಟೆಯಲ್ಲೇ ಸಿಗುತ್ತದೆ. ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ ಇದ್ದರೆ ಪ್ಲಾಸ್ಟಿಕ್ ಉಜ್ಜಲು ಬೇರೇನೂ ಬೇಡ. ಕಾರಿನ ಡೆಂಟು ಮುಚ್ಚಲು ಗ್ಯಾರೇಜಿನವರು ಬಳಸುವ ಎನ್‌ಸಿ ಪುಟ್ಟಿಯನ್ನು ಸಂದು ಮುಚ್ಚಲು ತೆಳ್ಳಗೆ ಹಚ್ಚಬಹುದು. ಮೆಡಿಕಲ್ ಸ್ಟೋರಿನ ಸಿರಿಂಜು ಬಣ್ಣ ಅಳೆಯಲು, ಪುಸ್ತಕದಂಗಡಿಯ ಆಯಿಲ್ ಕಲರ್ ಟ್ಯೂಬು ಕೊಳೆ ಬಳಿಯಲು. ಅದೇ ಗ್ಯಾರೇಜಿನ ಥಿನ್ನರ್ ಮಾತ್ರ ಹತ್ತಿರಕ್ಕೂ ತರಬಾರದು. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿಬಿಡುತ್ತದೆ.

ಕರಗಿಸುವುದು ಇಲ್ಲಿ ಇನ್ನೊಂದು ರೀತಿಯಲ್ಲಿ ಬೇಕಾಗುತ್ತದೆ. ಮಾದರಿಗೆ ಬಳಸುವ ಸಿಮೆಂಟು ಫೆವಿಕ್ವಿಕ್‌ನ ಹಾಗೆ ಎರಡು ಭಾಗಗಳ ನಡುವೆ ಕೂತು ಹಿಡಿಯುವುದಿಲ್ಲ. ಎರಡೂ ಅಂಚನ್ನು ಒಂದಿಷ್ಟೇ ಕರಗಿಸಿ ಒಂದು ಮಾಡುತ್ತದೆ. ಅದು ಬೆಸುಗೆ. ಒಣಗಿದ ಮೇಲೆ ಎಳೆದರೆ ಪ್ಲಾಸ್ಟಿಕ್ ಮುರಿಯಬಹುದು, ಸಂದು ಬಿಡುವುದಿಲ್ಲ. ಉಳಿದ ಸ್ಪ್ರೂ ಕಡ್ಡಿಗಳನ್ನು ಎಸೆಯುವ ಹಾಗಿಲ್ಲ. ಮೇಣದಬತ್ತಿಯ ಉರಿಯ ಮೇಲೆ ತಿರುಗಿಸುತ್ತಾ ಮೆತ್ತಗಾದಾಗ ಎರಡು ತುದಿ ಹಿಡಿದು ಎಳೆದರೆ ಕೂದಲಷ್ಟು ತೆಳುವಾದ ಎಳೆ ಬರುತ್ತದೆ. ಆಂಟೆನಾ ಮಾಡಲು, ತಗಡು ಬೆಸೆದ ಗೆರೆ ತೋರಿಸಲು ಅದಕ್ಕಿಂತ ಒಳ್ಳೆಯ ವಸ್ತು ದುಡ್ಡು ಕೊಟ್ಟರೂ ಸಿಗದು.

ಅಳತೆಯ ಶಿಸ್ತು ಎಲ್ಲದರಲ್ಲೂ ಬೆನ್ನು ಹತ್ತುತ್ತದೆ. ಬ್ರಶ್ಶಿನಲ್ಲಿ ದಪ್ಪಗೆ ಬಳಿದ ಬಣ್ಣ ಮಿಲಿಮೀಟರಿನ ಹತ್ತನೇ ಒಂದು ಭಾಗ ಇದ್ದರೂ, 35ರಿಂದ ಗುಣಿಸಿದರೆ ಮೂರೂವರೆ ಮಿಲಿಮೀಟರಿನ ಗಿಲಾವು. ಬೋಲ್ಟಿನ ತಲೆಗಳೆಲ್ಲ ಅದರಡಿ ಹೂತುಹೋಗುತ್ತವೆ. ಏರ್‌ಬ್ರಶ್, ಚಿಕ್ಕ ಕಂಪ್ರೆಸರ್‌ಗಾಗಿ ಜನ ದುಡ್ಡು ಕೂಡಿಸುವುದು ಇದಕ್ಕೇ. ಮಳೆಗಾಲದಲ್ಲಿ ಇನ್ನೊಂದು ಕಾಟ. ಪಿರಿಯಾಪಟ್ಟಣ, ಹುಣಸೂರಿನ ಕಾಡಂಚಿನ ಕಡೆ ಜುಲೈ ತಿಂಗಳ ತೇವದಲ್ಲಿ ಹೊಳಪು ಕಳೆಯುವ ವಾರ್ನಿಶ್ ಸಿಂಪಡಿಸಿದರೆ ಟ್ಯಾಂಕಿನ ಮೇಲೆಲ್ಲ ಬೂದಿ ಬಳಿದಂತೆ ಬಿಳಿಚಿಕೊಳ್ಳುವುದುಂಟು. ಬಿಸಿಲು ಬಂದ ದಿನ ನೋಡಿ ಆ ಕೆಲಸ ಇಟ್ಟುಕೊಳ್ಳುವುದು ಜಾಣತನ.

ಜೋಡಣೆ ತಾಳ್ಮೆಯ ಕೆಲಸ, ಕಾಗದದಲ್ಲಿ ತೋರಿಸಿದ ಕ್ರಮ ಹಿಡಿದರೆ ಆಗಿಹೋಗುತ್ತದೆ. ಟ್ಯಾಂಕಿಗೆ ಜೀವ ಬರುವುದು ಆಮೇಲೆ, ಅದನ್ನು ಹಳತು ಮಾಡುವಾಗ. ಹವ್ಯಾಸಿಗಳು ಇದಕ್ಕೆ ವೆದರಿಂಗ್ ಎನ್ನುತ್ತಾರೆ. ಹೊಸಬರು ಸಾಮಾನ್ಯವಾಗಿ ಇಲ್ಲಿ ತುಕ್ಕಿನ ಮೋಹಕ್ಕೆ ಬೀಳುತ್ತಾರೆ. ಟ್ಯಾಂಕ್ ಎಂದರೆ ಕಬ್ಬಿಣ, ಕಬ್ಬಿಣ ಎಂದರೆ ತುಕ್ಕು ಎಂಬ ಲೆಕ್ಕ. ಆದರೆ ದಿನಾ ಓಡುವ, ಸಿಪಾಯಿಗಳು ಒರೆಸಿ ಗ್ರೀಸ್ ಹಾಕುವ ಗಾಡಿಗೆ ತುಕ್ಕು ಹಿಡಿಯುವುದು ಕಡಿಮೆ. ಮೈತುಂಬ ಕಿತ್ತಳೆ ಬಳಿದ ಮಾದರಿ ನೋಡಿದರೆ ಗುಜರಿಯಿಂದ ಎತ್ತಿ ತಂದದ್ದು ಅನ್ನಿಸುತ್ತದೆಯೇ ಹೊರತು ಯುದ್ಧದಿಂದ ಬಂದದ್ದು ಅನ್ನಿಸುವುದಿಲ್ಲ.

ಇದನ್ನು ಕಲಿಯಲು ನಮ್ಮ ಕಡೆಯವರು ವಿದೇಶಿ ಪುಸ್ತಕ ತರಿಸಬೇಕಿಲ್ಲ. ಕೆರೆ ಹೂಳೆತ್ತುವ ಜಾಗಕ್ಕೆ ಹೋಗಿ ಅಲ್ಲಿನ ಹಿಟಾಚಿ ಮುಂದೆ ಅರ್ಧ ಗಂಟೆ ನಿಂತರೆ ಸಾಕು. ಟ್ಯಾಂಕಿನ ಚೈನೂ ಹಿಟಾಚಿಯ ಚೈನೂ ಸವೆಯುವ ರೀತಿ ಒಂದೇ. ನೆಲಕ್ಕೆ ತಾಗುವ ಅಂಚು ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಹಲ್ಲುಚಕ್ರ ಕಚ್ಚುವ ಜಾಗವೂ ಹಾಗೆಯೇ. ಮಧ್ಯದ ಗುಳಿಗಳಲ್ಲಿ ಮಾತ್ರ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಕೆಳಗಿನ ಮಣ್ಣು ಹಸಿ, ಅದಕ್ಕೇ ಕಡುಬಣ್ಣ. ಮೇಲಕ್ಕೆ ಹೋದಂತೆ ಒಣಗಿ ತಿಳಿಯಾಗುತ್ತದೆ. ಡೀಸೆಲ್ ಮುಚ್ಚಳದ ಸುತ್ತ ಚೆಲ್ಲಿದ ಕಲೆ ಕಪ್ಪಗೆ, ಜಿಡ್ಡಾಗಿ ಕೆಳಕ್ಕೆ ಇಳಿದಿರುತ್ತದೆ. ಡ್ರೈವರ್ ಹತ್ತಿ ಇಳಿಯುವ ಕಡೆ ಮಾತ್ರ ಬಣ್ಣ ಎದ್ದಿರುತ್ತದೆ, ಬೇರೆ ಕಡೆ ಅಲ್ಲ. ಗಾಡಿಯ ಮೇಲಿನ ಪ್ರತಿ ಕಲೆಗೂ ಒಂದು ಕಾರಣ ಇರುತ್ತದೆ. ಕಾರಣ ಗೊತ್ತಿಲ್ಲದೆ ಬಳಿದ ಕಲೆ ಸುಮ್ಮನೆ ಕೊಳಕು.

ಮಣ್ಣಿನ ಬಣ್ಣದಲ್ಲೂ ಈ ಸೀಮೆಯವರು ಅದೃಷ್ಟವಂತರು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳ ಕೆಮ್ಮಣ್ಣು, ಕೆ.ಆರ್. ನಗರದ ನಾಲೆ ಬಯಲಿನ ಗದ್ದೆ ಕೆಸರು, ಎಚ್.ಡಿ. ಕೋಟೆಯ ಹತ್ತಿ ಹೊಲದ ಕಪ್ಪು ನೆಲ, ಎಲ್ಲವೂ ಒಂದು ದಿನದ ಓಡಾಟದೊಳಗೆ ಸಿಗುತ್ತವೆ. ಹೊಗೆಸೊಪ್ಪು ಕೊಯ್ಲಿನ ದಿನಗಳಲ್ಲಿ ಹದಮಾಡುವ ಬ್ಯಾರನ್‌ಗೆ ಸೊಪ್ಪು ತುಂಬಿಕೊಂಡು ಬರುವ ಟ್ರ್ಯಾಕ್ಟರಿನ ಮಡ್‌ಗಾರ್ಡು ನೋಡಿ: ಹಳೇ ಕೆಸರಿನ ಮೇಲೆ ಹೊಸ ಕೆಸರು, ಅದರ ಮೇಲೆ ದೂಳು, ಮೂರು ಪದರ. ಮಾದರಿಯಲ್ಲೂ ಹಾಗೆ ಪದರ ಪದರವಾಗಿಯೇ ಬರಬೇಕು. ನಿಜವಾದ ಮಣ್ಣನ್ನೇ ತಂದು ಹಚ್ಚಬಹುದೆ? ಹಚ್ಚಬಹುದು, ಆದರೆ ಒಣಗಿಸಿ, ಒರಳಲ್ಲಿ ನುಣ್ಣಗೆ ಅರೆದು, ಬಟ್ಟೆಯಲ್ಲಿ ಜರಡಿ ಹಿಡಿದ ಮೇಲೆ. ಅರ್ಧ ಮಿಲಿಮೀಟರಿನ ಮರಳಿನ ಕಣ ಉಳಿದರೂ ಈ ಅಳತೆಯಲ್ಲಿ ಅದು ಒಂದೂಮುಕ್ಕಾಲು ಸೆಂಟಿಮೀಟರಿನ ಜಲ್ಲಿಕಲ್ಲು.

ಯಾವ ಟ್ಯಾಂಕ್ ಮಾಡಬೇಕು ಎನ್ನುವಲ್ಲಿ ನನಗೊಂದು ತಕರಾರಿದೆ. ಎಲ್ಲಿ ನೋಡಿದರೂ ಜರ್ಮನಿಯ ಟೈಗರ್, ಪ್ಯಾಂಥರ್‌ಗಳದೇ ದರ್ಬಾರು. ಬಣ್ಣದ ಮಚ್ಚೆಗಳು ಚೆಂದ, ಕಿಟ್‌ಗಳೂ ಹೇರಳ, ನಿಜ. ಆದರೆ ಅವು ಯಾರ ಪರವಾಗಿ, ಯಾತಕ್ಕೆ ಓಡಿದವು ಎಂಬುದನ್ನು ಮರೆತು ಬರೀ ಅಂದಕ್ಕೆ ಮಾಡುವುದು ನನಗೆ ಒಗ್ಗದು. ಇಷ್ಟಕ್ಕೂ ನಮ್ಮ ಹೆದ್ದಾರಿಯ ಮೇಲೇ ಒಂದು ಕತೆ ಇರುವಾಗ ಬರ್ಲಿನ್ನಿಗೆ ಯಾಕೆ ಹೋಗಬೇಕು?

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಹೋಗುವ ರಸ್ತೆ ಮಡಿಕೇರಿ ಮುಟ್ಟುತ್ತದೆ. 1906ರಲ್ಲಿ ಅಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಮುಂದೆ 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾದರು. ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿದ್ದ 1948ರಲ್ಲಿ ಅವರು ಕಾಶ್ಮೀರದಲ್ಲಿ ಡಿವಿಜನ್ ಒಂದರ ದಂಡನಾಯಕ, ಮೇಜರ್ ಜನರಲ್. ಶ್ರೀನಗರದಿಂದ ಲಡಾಖಿಗೆ ಹೋಗುವ ದಾರಿಯಲ್ಲಿ ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರದ ಜೋಜಿ ಲಾ ಕಣಿವೆ ಎದುರಾಳಿಗಳ ಕೈಯಲ್ಲಿತ್ತು. ಕಾಲ್ದಳದ ದಾಳಿ ಸೆಪ್ಟೆಂಬರಿನಲ್ಲಿ ವಿಫಲವಾಯಿತು. ತಿಮ್ಮಯ್ಯನವರು ಟ್ಯಾಂಕ್ ತರಿಸಲು ತೀರ್ಮಾನಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತದೆಂದು ಎದುರಿನವರು ಎಣಿಸಿರಲಿಲ್ಲ.

7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಜಮ್ಮು ಕಡೆಯಿಂದ ಹೊರಟವು. ಗುಟ್ಟು ಬಯಲಾಗದಿರಲೆಂದು ಫಿರಂಗಿ ಇರುವ ಮೇಲಿನ ಗೋಪುರ, ಅಂದರೆ ಟರೆಟ್ಟನ್ನು ಕಳಚಿ ಬೇರೆಯಾಗಿ ಸಾಗಿಸಿದರು. ಬಾಲ್ತಾಲ್‌ನಿಂದ ಕಣಿವೆಗೆ ಏರುವ ಹೇಸರಗತ್ತೆ ದಾರಿಯನ್ನು ಟ್ಯಾಂಕ್ ಹತ್ತುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಇವತ್ತಿಗೂ ಕೇಂದ್ರ ಇರುವ ಪಡೆ. 1948ರ ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಕಣಿವೆ ಹೊಕ್ಕವು. ಮುಂಚೂಣಿಯ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರು. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಎರಡೂ ಕೈಸೇರಿ ಲೇಹ್‌ನ ದಾರಿ ತೆರೆಯಿತು.

ಮಾದರಿ ಮಾಡುವವರಿಗೆ ಸ್ಟುವರ್ಟ್ ಹೇಳಿಮಾಡಿಸಿದ್ದು. ಹಗುರ ಟ್ಯಾಂಕ್, ತೂಕ ಹದಿನೈದು ಟನ್ನಿನ ಆಸುಪಾಸು, 1:35ರಲ್ಲಿ ಹದಿನಾಲ್ಕು ಸೆಂಟಿಮೀಟರ್ ಉದ್ದವೂ ಬರುವುದಿಲ್ಲ. ತಾಮಿಯಾದಂಥ ಕಂಪನಿಗಳ ಕಿಟ್‌ಗಳು ಸಿಗುತ್ತವೆ. ಅದರ ತೋಪಿನ ಬಾಯಿ 37 ಮಿಲಿಮೀಟರ್. ಮಾದರಿಯಲ್ಲಿ ಒಂದು ಮಿಲಿಮೀಟರಿಗೆ ಒಂಚೂರು ಹೆಚ್ಚು. ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್ಲಿನಿಂದ ಅದನ್ನು ನಡುಮಧ್ಯಕ್ಕೆ ಕೊರೆಯುವುದು ಉಸಿರು ಬಿಗಿಹಿಡಿಯುವ ಕೆಲಸ. ಕೆಮ್ಮಣ್ಣಿನ ಮೋಹವನ್ನು ಈಗ ಬಿಡಬೇಕು. ಜೋಜಿ ಲಾದ ನೆಲ ಬೂದುಬಣ್ಣದ ಕಲ್ಲುಪುಡಿ ಮತ್ತು ಹಿಮ. ಅಲ್ಲಿ ಹುಣಸೂರಿನ ಕೆಂಪು ಕಂಡರೆ ಇಡೀ ಮಾದರಿ ಸುಳ್ಳಾಗುತ್ತದೆ. ಅಡುಗೆ ಸೋಡಾದಲ್ಲಿ ಹಿಮ ಮಾಡುವವರಿದ್ದಾರೆ. ನೋಡಲು ಚೆನ್ನಾಗಿರುತ್ತದೆ, ವರ್ಷ ಕಳೆದಂತೆ ಹಳದಿ ತಿರುಗುವ ಭಯ ಇದ್ದೇ ಇದೆ. ಆ ಕತೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವ ದೃಶ್ಯ ಮಾತ್ರ ಕಣಿವೆಯದಲ್ಲ, ದಾರಿಯದು. ಟರೆಟ್ ಇಲ್ಲದ ಬೋಳು ಟ್ಯಾಂಕ್, ಗುದ್ದಲಿ ಹಿಡಿದು ನಿಂತ ಸ್ಯಾಪರ್‌ಗಳು. ಗುಂಡಿನ ಸದ್ದಿಲ್ಲ, ಆದರೂ ಗೆಲುವು ಅರ್ಧ ಅಲ್ಲೇ ಆಗಿಹೋಗಿದೆ.

ಹೀಗೆ ನೆಲ, ಜನ, ಗಿಡ ಎಲ್ಲ ಸೇರಿಸಿ ಕಟ್ಟುವ ದೃಶ್ಯಕ್ಕೆ ಡಯೋರಾಮ ಎಂದು ಹೆಸರು. ಮೈಸೂರು ಸೀಮೆಗೆ ಇದು ಹೊಸತೇನಲ್ಲ. ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲುಗಳ ಕೆಳಗೆ ಮಣ್ಣು ಹರಡಿ, ರಾಗಿ ಚೆಲ್ಲಿ ಪೈರು ಬರಿಸಿ, ಕನ್ನಡಿಯ ಚೂರು ಇಟ್ಟು ಕೆರೆ ಮಾಡುತ್ತಿದ್ದ ಅಜ್ಜಿಯರು ಇದನ್ನೇ ಮಾಡುತ್ತಿದ್ದರು. ಹುಡುಗರ ಆಟದ ಜೀಪು, ವಿಮಾನಗಳಿಗೂ ಅಲ್ಲಿ ಜಾಗ ಇರುತ್ತಿತ್ತು. ಒಂದೇ ವ್ಯತ್ಯಾಸ, ಅಳತೆಯ ವಿಷಯದಲ್ಲಿ ಅಜ್ಜಿ ಉದಾರಿ. ಪಟ್ಟದ ಬೊಂಬೆಯ ಮೊಣಕಾಲೆತ್ತರಕ್ಕೂ ಬಾರದ ಆನೆ ನಿಂತರೆ ಅವರಿಗೆ ತೊಂದರೆ ಇರಲಿಲ್ಲ. ಇವತ್ತಿನ ಹವ್ಯಾಸಿಗೆ ರಾಗಿ ಪೈರು ಒಗ್ಗುವುದಿಲ್ಲ, 1:35ರಲ್ಲಿ ಅದು ಬಿದಿರು ಮೆಳೆಯಾಗಿಬಿಡುತ್ತದೆ. ಕುದಿಸಿ ಒಣಗಿಸಿದ ಟೀ ಸೊಪ್ಪು ಉದುರಿದ ಎಲೆಗಳಿಗೆ ಸರಿಹೋಗುತ್ತದೆ.

ನಿಜವಾದ ಟ್ಯಾಂಕ್ ನೋಡದೆ ಎಷ್ಟು ದಿನ ಫೋಟೊ ನಂಬಿ ಕೂರುವುದು? ಅದಕ್ಕೂ ಇದೇ ರಸ್ತೆ. ಮಡಿಕೇರಿಯ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರ ಫೆಬ್ರುವರಿಯಿಂದ ಮ್ಯೂಸಿಯಂ. ಅದರ ಅಂಗಳದಲ್ಲಿ ಟಿ-55 ಟ್ಯಾಂಕ್ ನಿಂತಿದೆ. ರಷ್ಯಾ ಮೂಲದ, 1971ರ ಯುದ್ಧದಲ್ಲಿ ನಮ್ಮ ಸೇನೆ ಬಳಸಿದ ಬಗೆಯದು, 36 ಟನ್ ತೂಕ, ತೋಪು ಸೇರಿ ಒಂಬತ್ತು ಮೀಟರ್ ಉದ್ದ. ಅದರ ಕಿಟ್ ಕೂಡ ಸುಲಭವಾಗಿ ಸಿಗುತ್ತದೆ, ಕಟ್ಟಿದರೆ ಇಪ್ಪತ್ತಾರು ಸೆಂಟಿಮೀಟರ್ ಹತ್ತಿರ. ಹೋದವರು ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಬರದೆ ಪಕ್ಕಕ್ಕೆ ಬಾಗಿ ನೋಡಬೇಕು. ಎರಕ ಹೊಯ್ದ ಟರೆಟ್ಟಿನ ಮೈ ಎಷ್ಟು ಒರಟು, ತಗಡು ಬೆಸೆದ ಗೆರೆ ಎಷ್ಟು ದಪ್ಪ, ಚೈನು ಚಕ್ರಗಳ ಮೇಲೆ ಎಷ್ಟು ಜೋತುಬಿದ್ದಿದೆ, ಕೊನೆಯದಂತೂ ಕಿಟ್‌ನ ಕಾಗದದಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಒರಟು ಮೈಯನ್ನು ಮಾದರಿಯಲ್ಲಿ ತರಲು ನೀರಾಗಿಸಿದ ಪುಟ್ಟಿಯನ್ನು ಹಚ್ಚಿ, ಆರುವ ಮೊದಲು ಗಡಸು ಬ್ರಶ್ಶಿನಿಂದ ಕುಟ್ಟುತ್ತಾರೆ. ಎಷ್ಟು ಕುಟ್ಟಬೇಕು ಎಂಬುದು ಅಸಲಿಯನ್ನು ಕಂಡವರಿಗೆ ಮಾತ್ರ ತಿಳಿಯುತ್ತದೆ. ಬಣ್ಣವನ್ನು ಮಾತ್ರ ಅಲ್ಲಿಂದ ಕಲಿಯಬೇಡಿ. ಪ್ರದರ್ಶನಕ್ಕೆ ಇಟ್ಟ ಟ್ಯಾಂಕುಗಳಿಗೆ ಮಳೆ ತಡೆಯಲೆಂದು ಹೊಳೆಯುವ ಪೇಂಟ್ ದಪ್ಪಗೆ ಬಳಿದಿರುತ್ತಾರೆ, ಚೈನಿಗೂ ಸೇರಿಸಿ. ಕೆಲಸ ಮಾಡುವ ಚೈನು ಹೇಗಿರುತ್ತದೆಂದು ನೋಡಲು ಹಿಟಾಚಿ ಇರುವ ಕೆರೆಗೇ ಹೋಗಬೇಕು.