ಕಿರುರೈಲಿನ ಕಟ್ಟಡಕ್ಕೆ ಕಾಲದ ಬಣ್ಣ

ನಿಜವಾದ ರೈಲು, ಹಳಿ, ನಿಲ್ದಾಣಗಳನ್ನು ನಿಶ್ಚಿತ ಪ್ರಮಾಣದಲ್ಲಿ ಕುಗ್ಗಿಸಿ ಮೇಜಿನ ಮೇಲೆ ಕಟ್ಟುವ ಹವ್ಯಾಸಕ್ಕೆ ಮಾದರಿ ರೈಲುಮಾರ್ಗ ನಿರ್ಮಾಣವೆಂದು ಹೆಸರು. ಅಮೆರಿಕದಲ್ಲಿ ಬಹುಜನಪ್ರಿಯವಾದ ‘ಎಚ್‌ಓ’ ಪ್ರಮಾಣದಲ್ಲಿ ಪ್ರತಿಯೊಂದು ವಸ್ತುವೂ ಮೂಲದ 87ರಲ್ಲಿ ಒಂದು ಪಾಲಿನಷ್ಟಿರುತ್ತದೆ. ಆರಡಿಯ ಮನುಷ್ಯ ಅಲ್ಲಿ 21 ಮಿಲಿಮೀಟರ್ ಎತ್ತರದವನು. ಇಂತಹ ಮಾರ್ಗದ ಬದಿಯಲ್ಲಿ ನಿಲ್ಲುವ ನಿಲ್ದಾಣ, ಉಗ್ರಾಣ, ಎಂಜಿನ್ ಷೆಡ್ಡುಗಳು ಬಿಡಿಭಾಗಗಳ ಪೆಟ್ಟಿಗೆಯಾಗಿ, ‘ಕಿಟ್’ ಎಂಬ ಹೆಸರಿನಲ್ಲಿ ದೊರೆಯುತ್ತವೆ. ಅವನ್ನು ಜೋಡಿಸುವುದು ಅರ್ಧ ಕೆಲಸ ಮಾತ್ರ. ಉಳಿದರ್ಧವನ್ನು ಇಂಗ್ಲಿಷಿನಲ್ಲಿ ‘ವೆದರಿಂಗ್’ ಎನ್ನುತ್ತಾರೆ. ಬಿಸಿಲು, ಮಳೆ, ಹೊಗೆ, ಧೂಳುಗಳು ವರ್ಷಾನುಗಟ್ಟಲೆ ಬರೆಯುವ ಗುರುತುಗಳನ್ನು ಹೊಸ ಕಟ್ಟಡದ ಮೇಲೆ ಕೆಲವೇ ದಿನಗಳಲ್ಲಿ ಮೂಡಿಸುವ ಕೆಲಸವದು.

ಈ ಪದಕ್ಕೆ ಕನ್ನಡದ ಭೂಗೋಳ ಪಠ್ಯಗಳಲ್ಲಿ ‘ಶಿಥಿಲೀಕರಣ’ ಎಂಬ ರೂಪವಿದೆ. ಬಂಡೆಯ ವಿಷಯಕ್ಕೆ ಅದು ಸರಿ, ಇಲ್ಲಿಗೆ ಒಪ್ಪದು. ಮಾದರಿ ಕಟ್ಟಡ ಶಿಥಿಲವಾಗಬೇಕಾಗಿಲ್ಲ. ಜನ ಬಳಸಿದ ಕಟ್ಟಡವೆಂದು ತೋರಬೇಕು, ಅಷ್ಟೆ. ಇಲ್ಲಿ ಪಾರಿಭಾಷಿಕ ಪದಕ್ಕಿಂತ ಆಡುಮಾತಿನ ಸಂಪತ್ತೇ ಹೆಚ್ಚು ಉಪಯುಕ್ತ. ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು, ಒದ್ದೆ ಗೋಡೆಗೆ ಹಾವಸೆ, ತೇವ ಕುಡಿದ ಮರಕ್ಕೆ ಬೂಸ್ಟು, ಹೊಗೆ ಹಿಡಿದ ಮಾಡಿಗೆ ಮಸಿ ಎಂದು ಕನ್ನಡವು ಒಂದೊಂದು ಗುರುತನ್ನೂ ಅದರ ಕಾರಣದೊಡನೆ ಬೇರೆ ಬೇರೆಯಾಗಿ ಕರೆಯುತ್ತದೆ. ಮಾದರಿಕಾರನಿಗೆ ಬೇಕಾದ ವಿವೇಕವೂ ಇದೇ. ಬಳಿಯುವ ಪ್ರತಿಯೊಂದು ಕಲೆಗೂ ಒಂದು ಕಾರಣವಿರಬೇಕು. ಕಾರಣವಿಲ್ಲದೆ ಬಳಿದದ್ದು ಬರಿಯ ಕೊಳೆ.

ಈ ದೃಷ್ಟಿಯನ್ನು ಹವ್ಯಾಸಿಗಳಲ್ಲಿ ಹರಡಿದವರ ಪೈಕಿ ಜಾನ್ ಆಲನ್ (1913–1973) ಪ್ರಮುಖರು. ವೃತ್ತಿಯಿಂದ ಛಾಯಾಗ್ರಾಹಕರಾಗಿದ್ದ ಅವರು ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ‘ಗೋರಿ ಅಂಡ್ ಡಿಫೀಟೆಡ್’ ಎಂಬ ಮಾರ್ಗವನ್ನು ಕಟ್ಟಿದರು. ‘ನೆತ್ತರು ಸುರಿದು ಸೋತದ್ದು’ ಎಂಬ ಅರ್ಥ ಕಿವಿಗೆ ಬೀಳುವಂತೆ, ಆದರೆ ಬರೆವಣಿಗೆಯಲ್ಲಿ ಊರುಗಳ ಹೆಸರಿನಂತೆ ತೋರುವಂತೆ ಮಾಡಿದ ಶ್ಲೇಷೆ ಅದು. ಮಾದರಿಯೆಂದರೆ ಥಳಥಳಿಸಬೇಕೆಂಬ ಭಾವನೆ ಬಲವಾಗಿದ್ದ ಕಾಲದಲ್ಲಿ ಅವರು ಮಸಿ, ತುಕ್ಕು, ಬಿಳಿಚಿದ ಬಣ್ಣಗಳಿಂದ ತಮ್ಮ ಕಟ್ಟಡಗಳಿಗೂ ಎಂಜಿನ್‌ಗಳಿಗೂ ವಯಸ್ಸು ಕೊಟ್ಟರು. 1973ರ ಜನವರಿಯಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ಮಾರ್ಗದ ಬಹುಭಾಗ ನಾಶವಾಯಿತು. ಅವರ ಕೈಕೆಲಸವನ್ನು ಇಂದಿನವರು ಅರಿಯುವುದು ಹೆಚ್ಚಾಗಿ ಅವರೇ ತೆಗೆದ ಚಿತ್ರಗಳಿಂದ.

ಹಲಗೆಗೋಡೆಯ ಎಂಜಿನ್ ಷೆಡ್ಡಿನ ಕಿಟ್ಟನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರಲ್ಲಿ ಗೋಡೆಗಳು ತೆಳು ಮರದವು. ನೀರು ಬೆರೆತ ಬಣ್ಣವನ್ನು ಒಂದೇ ಮೈಗೆ ಬಳಿದರೆ ಅವು ಬಿಲ್ಲಿನಂತೆ ಬಾಗುತ್ತವೆ. ಆದುದರಿಂದ ಮೊದಲು ಒಳಮೈಗೆ ಕಡ್ಡಿಗಳನ್ನು ಅಂಟಿಸಿ ಬಿಗಿಗೊಳಿಸಬೇಕು, ಬಣ್ಣವನ್ನು ಎರಡೂ ಮೈಗೆ ಹಚ್ಚಬೇಕು. ಗೋಡೆಗಳನ್ನು ಕೂಡಿಸುವ ಮುನ್ನವೇ, ಅವು ಮೇಜಿನ ಮೇಲೆ ಮಟ್ಟಸವಾಗಿ ಮಲಗಿರುವಾಗಲೇ, ವಯಸ್ಸು ಕೊಡುವ ಮೊದಲ ಹಂತ ಮುಗಿಯುವುದು ಲೇಸು.

ಇಲ್ಲಿ ಕೆಲಸದ ಕ್ರಮವು ಪ್ರಕೃತಿಯ ಕ್ರಮಕ್ಕಿಂತ ಭಿನ್ನ. ನಿಜವಾದ ಗೋಡೆಯಲ್ಲಿ ಮೊದಲು ಬಣ್ಣ ಏಳುತ್ತದೆ, ಆಮೇಲೆ ಬತ್ತಲಾದ ಮರ ಬೂದುಬಣ್ಣಕ್ಕೆ ತಿರುಗುತ್ತದೆ. ಮಾದರಿಯಲ್ಲಿ ಮರವನ್ನು ಮೊದಲೇ ಮುದಿಯಾಗಿಸಬೇಕು. ತಂತಿಯ ಬ್ರಷ್ಷಿನಿಂದ ನಾರಿನ ಗುಂಟ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಇಂಡಿಯನ್ ಇಂಕಿನ ಕೆಲವು ಹನಿಗಳನ್ನು ಬೆರೆಸಿ ತೊಡೆದರೆ ಮರ ಬೂದಾಗುತ್ತದೆ. (ಆ ದ್ರವ ಬೇಗ ಹೊತ್ತಿಕೊಳ್ಳುವಂಥದು, ದೀಪ, ಒಲೆಗಳು ದೂರವಿರಲಿ, ಕಿಟಕಿ ತೆರೆದಿರಲಿ.) ಅದು ಒಣಗಿದ ಮೇಲೆ ತೆಳುವಾಗಿ ಬಣ್ಣ ಬಳಿದು, ಬಣ್ಣ ಗಟ್ಟಿಯಾಗುವ ಮುನ್ನ ಅಂಟುಪಟ್ಟಿಯನ್ನು ಒತ್ತಿ ಕಿತ್ತರೆ ಅಲ್ಲಲ್ಲಿ ಬಣ್ಣದ ಚಕ್ಕೆಗಳು ಎದ್ದು ಬೂದುಮರ ಇಣುಕುತ್ತದೆ. ಎಲ್ಲಿ ಕೀಳಬೇಕೆಂಬುದನ್ನು ನೀರನ್ನು ಕೇಳಿ ತಿಳಿಯಬೇಕು. ಕಿಟಕಿಯ ಕೆಳಚೌಕಟ್ಟು, ಹಲಗೆಯ ಕೊನೆಗಳು, ನೆಲಕ್ಕೆ ಸಮೀಪದ ಸಾಲುಗಳು ಬೇಗ ಸೋಲುತ್ತವೆ. ಸೂರಿನ ನೆರಳಿನ ಹಲಗೆಗಳ ಬಣ್ಣ ಬಹುಕಾಲ ಉಳಿಯುತ್ತದೆ.

ಸೂರಿನಿಂದ ಬಿದ್ದ ನೀರು ನೆಲದ ಕೆಸರನ್ನು ಗೋಡೆಗೆ ಸಿಡಿಸುತ್ತದೆ. ನಿಜದಲ್ಲಿ ಅರ್ಧ ಮೀಟರ್ ಎತ್ತರದ ಈ ಕೆಮ್ಮಣ್ಣಿನ ಪಟ್ಟಿ ಮಾದರಿಯಲ್ಲಿ ಆರು ಮಿಲಿಮೀಟರ್ ಕೂಡ ಬಾರದು. ತಗಡಿನ ಮಾಡಿನಲ್ಲಿ ತುಕ್ಕು ಮೊಳೆಯ ತೂತಿನಲ್ಲಿ, ತಗಡಿನ ಅಂಚಿನಲ್ಲಿ ಹುಟ್ಟಿ ಇಳಿಜಾರಿನತ್ತ ಹರಿಯುತ್ತದೆ. ಅಡ್ಡಡ್ಡ ಎಳೆದ ತುಕ್ಕಿನ ಗೆರೆ ಎಂಥವರಿಗೂ ಸುಳ್ಳೆಂದು ತಿಳಿಯುತ್ತದೆ. ಉಗಿಯೆಂಜಿನ್ನಿನ ಮಸಿ ಬಾಗಿಲಿನ ಮೇಲ್ಭಾಗದಲ್ಲೂ ಹೊಗೆಗಂಡಿಯ ಸುತ್ತಲೂ ದಟ್ಟ. ಅಮೆರಿಕದಲ್ಲಿ ತೆಂಕಣ ಗೋಡೆ ಹೆಚ್ಚು ಬಿಸಿಲುಂಡು ಬಿಳಿಚುತ್ತದೆ, ಬಡಗಣದ್ದು ತೇವ ಹಿಡಿಯುತ್ತದೆ. ಇದೇ ಷೆಡ್ಡು ಕಾಸರಗೋಡಿನ ಕರಾವಳಿಯಲ್ಲಿದ್ದಿದ್ದರೆ ಕಡಲಿನ ಕಡೆಯಿಂದ ಬೀಸುವ ಮಳೆಗಾಳಿಗೆ ಮೈಯೊಡ್ಡಿದ ಗೋಡೆಯೇ ಮೊದಲು ಹಾವಸೆ ಕಟ್ಟುತ್ತಿತ್ತು. ಆದುದರಿಂದ ಕುಂಚ ಹಿಡಿಯುವ ಮುನ್ನ ಕಟ್ಟಡ ಯಾವ ದಿಕ್ಕಿಗೆ ಮುಖಮಾಡಿ ನಿಲ್ಲುವುದೆಂಬುದು ತೀರ್ಮಾನವಾಗಿರಬೇಕು.

ಬಣ್ಣದ ಆಯ್ಕೆಯಲ್ಲಿ ಅಚ್ಚ ಕಪ್ಪು, ಅಚ್ಚ ಬಿಳುಪುಗಳು ಬೇಡ. ಮೂರಡಿ ದೂರದಿಂದ ನೋಡುವ ಮಾದರಿ ಎಂದರೆ ಸುಮಾರು 260 ಅಡಿ ದೂರದ ಕಟ್ಟಡ. ಅಷ್ಟು ದೂರದಲ್ಲಿ ಬಣ್ಣಗಳು ಮಾಸಿ, ತುಸು ತಿಳಿಯಾಗಿ ಕಾಣುತ್ತವೆ. ಕೊನೆಯ ಧೂಳಿಗೆ ಬಣ್ಣದ ಸೀಮೆಸುಣ್ಣವನ್ನು ಮರಳುಕಾಗದದ ಮೇಲೆ ತೇಯ್ದ ಪುಡಿ ಸಾಕು. ಹೊಳಪಿಲ್ಲದ ವಾರ್ನಿಷ್ ಸಿಂಪಡಿಸಿದರೆ ಪುಡಿ ನಿಲ್ಲುತ್ತದೆ, ಆದರೆ ಅರ್ಧದಷ್ಟು ಕಣ್ಮರೆಯಾಗುತ್ತದೆ. ಕೆಲವು ವಾರ್ನಿಷ್‌ಗಳ ಮೇಲೆ ಆಲ್ಕೊಹಾಲಿನ ಮಸಿ ತಾಗಿದರೆ ಬೆಳ್ಳಗಿನ ಪೊರೆ ಏಳುವುದರಿಂದ ಮಸಿಯ ಕೆಲಸ ಮೊದಲೇ ಮುಗಿದಿರಬೇಕು. ಇಷ್ಟೆಲ್ಲ ಬಲ್ಲವರೂ ಎಡವುವುದು ಅತಿಯಲ್ಲಿ. ಊರಿನ ಎಲ್ಲ ಕಟ್ಟಡಗಳೂ ಪಾಳುಬಿದ್ದಂತೆ ಕಾಣುವುದಕ್ಕಿಂತ ಒಂದೂ ಕಲೆಯಿಲ್ಲದಿರುವುದೇ ಮೇಲು.

ಕಟ್ಟಡವನ್ನು ಮಾರ್ಗದ ಬದಿಗೆ ಕೂರಿಸುವಾಗ ಅಡಿಪಾಯದ ಕೆಳಗೆ ಕೂದಲೆಳೆಯಷ್ಟು ಬೆಳಕು ಕಂಡರೂ ಅದು ನೆಲದ ಮೇಲೆ ಇಟ್ಟ ಪೆಟ್ಟಿಗೆಯಾಗುತ್ತದೆ. ಸಣ್ಣಗೆ ಜರಡಿ ಹಿಡಿದ ಮಣ್ಣನ್ನು ಗೋಡೆಯ ಬುಡಕ್ಕೆ ಸೇರಿಸಿ, ತೆಳು ಅಂಟನ್ನು ಹನಿಸಿ, ಕೆಸರಿನ ಪಟ್ಟಿಗೂ ಆ ಮಣ್ಣಿಗೂ ಒಂದೇ ಬಣ್ಣ ಬರುವಂತೆ ಮಾಡಬೇಕು.