ನಲವತ್ತೆರಡು ರೂಟರ್, ಒಂದು ಪೇಸ್ಟ್

ರಾತ್ರಿ ಹನ್ನೊಂದೂವರೆ. 42 ಶಾಖೆಗಳ ರೂಟರ್‌ಗಳಲ್ಲಿ ಬಳಕೆಯಲ್ಲಿಲ್ಲದ ಒಂದು ಪೋರ್ಟ್ ಮುಚ್ಚಬೇಕಿತ್ತು. ಒಂದೊಂದಕ್ಕೂ ಲಾಗಿನ್ ಆಗೋದು, ನೋಟ್‌ಪ್ಯಾಡಿನಿಂದ ಎರಡು ಸಾಲು ಪೇಸ್ಟ್ ಮಾಡೋದು, ಸೇವ್ ಮಾಡೋದು. ಇಪ್ಪತ್ತೇಳನೆಯದಕ್ಕೆ ಬರುವಷ್ಟರಲ್ಲಿ ಕಣ್ಣು ಎಳೀತಿತ್ತು. ಪೇಸ್ಟ್ ಒತ್ತಿದೆ, ಸ್ಕ್ರೀನ್ ಅಲ್ಲೇ ನಿಂತುಬಿಡ್ತು. ಆ ಶಾಖೆಯಲ್ಲಿ ಇಂಟರ್‌ನೆಟ್ ಲೈನನ್ನೇ ಆ ಪೋರ್ಟ್‌ಗೆ ಹಾಕಿದ್ದರು! ಕೂತ ಕೊಂಬೆಯನ್ನೇ ಕಡಿದಿದ್ದೆ.

ಬೆಳಗ್ಗೆವರೆಗೂ ನಿದ್ದೆಯಿಲ್ಲ. ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿನ ಅಟೆಂಡರ್‌ಗೆ ಫೋನ್ ಮಾಡಿದೆ.

“ಯಾವ ಡಬ್ಬಿ ಸಾರ್?”

“ಮೂಲೇಲಿ ಹಸಿರು ದೀಪ ಮಿನುಗ್ತಿದೆಯಲ್ಲ, ಅದನ್ನ ಆಫ್ ಮಾಡಿ ಆನ್ ಮಾಡಣ್ಣ.”

ಐದು ನಿಮಿಷಕ್ಕೆ ಲೈನ್ ವಾಪಸ್. ಸೇವ್ ಮಾಡೋಕೆ ಮುಂಚೆಯೇ ಸಂಪರ್ಕ ಕಡಿದಿದ್ದರಿಂದ ರೂಟರ್ ಹಳೆಯ ಸೆಟ್ಟಿಂಗ್‌ನಲ್ಲೇ ಎದ್ದಿತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಆ ವಾರವೇ ಪೈಥಾನ್ ಕಲಿಯೋಕೆ ಕೂತೆ. ನಾನೇನೂ ಪ್ರೋಗ್ರಾಮರ್ ಅಲ್ಲ. ಆದರೆ ಕರ್ಕ್ ಬೈಯರ್ಸ್ ಎಂಬವರು ಬರೆದ ‘ನೆಟ್‌ಮಿಕೋ’ ಎಂಬ ಉಚಿತ ಲೈಬ್ರರಿ ಇದೆ. ಎಸ್‌ಎಸ್‌ಎಚ್ ಮೂಲಕ ರೂಟರ್ ಜೊತೆ ಮಾತಾಡೋ ಕಿರಿಕಿರಿಯನ್ನೆಲ್ಲ ಅದೇ ನೋಡಿಕೊಳ್ಳುತ್ತೆ. ಸಾಧನ ಯಾವ ಬಗೆಯದು, ಅದರ ಐಪಿ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟರೆ ಸಾಕು. ಓದೋಕೆ ‘ಸೆಂಡ್ ಕಮಾಂಡ್’, ಬದಲಿಸೋಕೆ ‘ಸೆಂಡ್ ಕಾನ್ಫಿಗ್ ಸೆಟ್’. ಐಪಿಗಳ ಪಟ್ಟಿಯ ಮೇಲೆ ಒಂದು ‘ಫಾರ್’ ಲೂಪ್ ಓಡಿಸಿದರೆ 42 ರೂಟರ್‌ಗಳೂ ಸರದಿಯಲ್ಲಿ ಬರುತ್ತವೆ. ಯಾವುದೋ ಒಂದು ಉತ್ತರ ಕೊಡದಿದ್ದರೆ ಸ್ಕ್ರಿಪ್ಟ್ ಅಲ್ಲೇ ಬಿದ್ದುಹೋಗುತ್ತೆ. ಅದಕ್ಕೆ ‘ಟ್ರೈ–ಎಕ್ಸೆಪ್ಟ್’ ಹಾಕಿ. ಪಾಸ್‌ವರ್ಡನ್ನು ಮಾತ್ರ ಫೈಲಿನೊಳಗೆ ಬರೆದಿಡಬೇಡಿ, ‘ಗೆಟ್‌ಪಾಸ್’ ಬಳಸಿ.

ಭಯ ಇದ್ದದ್ದು ಬೇರೆ ಕಡೆ. ಕೈಯಲ್ಲಿ ಮಾಡಿದ ತಪ್ಪು ಒಂದು ಶಾಖೆ ಕೆಡಿಸಿತ್ತು; ಸ್ಕ್ರಿಪ್ಟ್‌ನ ತಪ್ಪು ಎರಡೇ ನಿಮಿಷದಲ್ಲಿ ಎಲ್ಲವನ್ನೂ ಕೆಡಿಸಬಹುದಲ್ಲ? ಹಾಗಾಗಿ ಮೊದಲ ತಿಂಗಳು ನಾನು ಏನನ್ನೂ ಬದಲಿಸಲಿಲ್ಲ, ಬರೀ ಕೇಳಿದೆ. ‘ಶೋ ಐಪಿ ಇಂಟರ್‌ಫೇಸ್ ಬ್ರೀಫ್’ ಎಂಬ ಒಂದೇ ಪ್ರಶ್ನೆ, ಉತ್ತರ ಫೈಲಿಗೆ. ನೋಡಿದರೆ ಇನ್ನೂ ಎರಡು ಶಾಖೆಗಳಲ್ಲಿ ಆ ಪೋರ್ಟ್ ಬಳಕೆಯಲ್ಲಿದೆ! ನಮ್ಮ ಎಕ್ಸೆಲ್ ಶೀಟ್ ನಂಬಿದ್ದರೆ ಅವೂ ಹೋಗುತ್ತಿದ್ದವು.

ಬದಲಿಸುವ ದಿನ ಬಂದಾಗ ಅಟೆಂಡರ್ ಅಣ್ಣನ ಕೆಲಸವನ್ನು ಸಿಸ್ಕೋ ರೂಟರ್‌ಗೇ ಒಪ್ಪಿಸಿದೆ. ಮೊದಲು ‘ರಿಲೋಡ್ ಇನ್ 10’ ಅಂತ ಹೇಳಿದರೆ ಹತ್ತು ನಿಮಿಷದ ನಂತರ ಅದು ತಾನೇ ರೀಸ್ಟಾರ್ಟ್ ಆಗುತ್ತೆ. ಆಮೇಲೆ ಬದಲಾವಣೆ. ಸಂಪರ್ಕ ಉಳಿದಿದ್ದರೆ ‘ರಿಲೋಡ್ ಕ್ಯಾನ್ಸಲ್’, ಆಮೇಲಷ್ಟೇ ಸೇವ್. ಮೊದಲೇ ಸೇವ್ ಮಾಡಿದರೆ ಕಥೆ ಮುಗೀತು. ‘ರಿಲೋಡ್’ ಖಚಿತಪಡಿಸಲು ಎಂಟರ್ ಕೇಳುತ್ತೆ, ಅಲ್ಲಿ ಸ್ಕ್ರಿಪ್ಟ್ ತಡವರಿಸುತ್ತೆ. ‘ಸೆಂಡ್ ಕಮಾಂಡ್ ಟೈಮಿಂಗ್’ ಬಳಸಿ.

ಮೊದಲು ನಮ್ಮದೇ ಆಫೀಸಿನ ಒಂದು ರೂಟರ್, ಆಮೇಲೆ ಐದು, ಕೊನೆಗೆ ಉಳಿದವು. ಅವತ್ತು ಊಟದ ಹೊತ್ತಿಗೆ ಮನೇಲಿದ್ದೆ. “ಇವತ್ತು ರಜೆನಾ?” ಅಂದಳು ಅಮ್ಮ.