ಕುರಿಯ ಜಂತುಹುಳುವಿಗೆ ಹಳ್ಳಿಮದ್ದು: ಹುಡುಕಾಟ ಎಲ್ಲಿಗೆ ಬಂದಿದೆ?

ಮುಂಗಾರು ಮಳೆ ಬಿದ್ದು ಹಸಿರು ಚಿಗುರಿದ ಕೆಲವೇ ವಾರಗಳಲ್ಲಿ ಕುರಿ ಮೇಕೆಗಳು ಒಂದೊಂದಾಗಿ ಸೊರಗತೊಡಗುತ್ತವೆ. ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ, ಗದ್ದದ ಕೆಳಗೆ ನೀರು ತುಂಬಿ ಚೀಲದಂತೆ ಜೋತುಬೀಳುತ್ತದೆ. ಕುರಿ ಸಾಕುವವರಿಗೆ ಇದು ಹೊಸದೇನಲ್ಲ. ಇದಕ್ಕೆ ಮುಖ್ಯ ಕಾರಣ ಹೀಮಾಂಕಸ್ ಎಂಬ ದುಂಡುಹುಳು. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ವಾಸಿಸುವ ಈ ಹುಳು ಒಂದೊಂದರಿಂದಲೂ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ನಷ್ಟವಾಗುತ್ತದೆ. ಕೇಳಲು ಅಲ್ಪವೆನಿಸಿದರೂ ಹೊಟ್ಟೆಯಲ್ಲಿ ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿ.ಲೀ. ರಕ್ತ ಹೋಯಿತು. ಒಂದು ಹೆಣ್ಣುಹುಳು ದಿನಕ್ಕೆ 5,000 ದಿಂದ 10,000 ಮೊಟ್ಟೆಗಳನ್ನು ಇಡುತ್ತದೆ. ಹಿಕ್ಕೆಯೊಡನೆ ಹೊರಬಿದ್ದ ಮೊಟ್ಟೆಗಳು ಬೆಚ್ಚಗಿನ ತೇವದಲ್ಲಿ ಒಡೆದು, ಸುಮಾರು ಒಂದು ವಾರದಲ್ಲಿ ಮರಿಹುಳುಗಳು ಹುಲ್ಲಿನ ಎಸಳನ್ನೇರಿ ಕುರಿಯ ಬಾಯಿಗಾಗಿ ಕಾಯುತ್ತವೆ.

ಜಂತುನಾಶಕ ಕುಡಿಸಿದರೆ ಆಯಿತಲ್ಲ ಎನ್ನಬಹುದು. ತೊಂದರೆ ಇರುವುದೇ ಇಲ್ಲಿ. ಥಯಾಬೆಂಡಜೋಲ್ ಎಂಬ ಉತ್ತಮ ಔಷಧಿ 1961 ರಲ್ಲಿ ಬಂದಿತು. 1964 ರ ಹೊತ್ತಿಗೆ ಅದಕ್ಕೆ ಬಗ್ಗದ ಹುಳುಗಳು ಅಮೆರಿಕದ ಕುರಿಗಳಲ್ಲಿ ಕಂಡುಬಂದವು. ಅದೇ ವಂಶದ ಆಲ್ಬೆಂಡಜೋಲ್, ಬೇರೆ ಗುಂಪುಗಳ ಲೆವಮಿಸೋಲ್ ಮತ್ತು ಐವರ್ಮೆಕ್ಟಿನ್ ಇವುಗಳ ಕಥೆಯೂ ಬೇರೆಯಾಗಲಿಲ್ಲ. 2009 ರಲ್ಲಿ ನ್ಯೂಜಿಲೆಂಡಿನಲ್ಲಿ ಮಾರಾಟಕ್ಕೆ ಬಂದ ಮೊನೆಪಾಂಟೆಲ್ ಎಂಬ ಹೊಚ್ಚಹೊಸ ಔಷಧಿಗೂ 2013 ರಲ್ಲೇ ಪ್ರತಿರೋಧ ವರದಿಯಾಯಿತು. ಔಷಧಿ ಕುಡಿಸಿದಾಗ ಸಾಯದೆ ಉಳಿದ ಹುಳುಗಳೇ ಮುಂದಿನ ಸಂತತಿಯ ತಾಯಿತಂದೆಗಳಾಗುತ್ತವೆ. ಅಳತೆ ಕಡಿಮೆ ಮಾಡಿ ಪದೇ ಪದೇ ಕುಡಿಸಿದರೆ ಅಂಥ ಹುಳುಗಳನ್ನು ನಾವೇ ಆರಿಸಿ ಸಾಕಿದಂತೆ.

ಹೀಗಿರುವಾಗ ಹಿರಿಯರು ಗೊಟ್ಟದಲ್ಲಿ ಕುಡಿಸುತ್ತಿದ್ದ ಮದ್ದುಗಳತ್ತ ವಿಜ್ಞಾನಿಗಳ ಗಮನ ಹರಿದಿರುವುದು ಸಹಜ. ಮುತ್ತುಗದ ಬೀಜ, ವಾಯುವಿಳಂಗ, ಬೇವು, ಪರಂಗಿಬೀಜ, ಅಡಿಕೆ, ದಾಳಿಂಬೆ ಬೇರಿನ ತೊಗಟೆ ಮುಂತಾದವು ಈ ಪಟ್ಟಿಯಲ್ಲಿವೆ. ಹುಡುಕಿದರೆ ಫಲವುಂಟೆಂಬುದಕ್ಕೆ ಆಧಾರವೂ ಇದೆ. ನಮ್ಮ ಮಾಚಿಪತ್ರೆಯ ಕುಲಕ್ಕೆ ಸೇರಿದ ಮಧ್ಯ ಏಷ್ಯಾದ ಒಂದು ಗಿಡದ ಮೊಗ್ಗಿನಿಂದ 1830 ರಲ್ಲಿ ಬೇರ್ಪಡಿಸಿದ ಸ್ಯಾಂಟೋನಿನ್ ಎಂಬ ವಸ್ತು, ಮಕ್ಕಳ ಹೊಟ್ಟೆಯ ದುಂಡುಹುಳುವಿಗೆ ನೂರು ವರ್ಷಕ್ಕೂ ಮೇಲ್ಪಟ್ಟು ಔಷಧಿಯಾಗಿತ್ತು. ಅಳತೆ ಮೀರಿದರೆ ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುತ್ತಿತ್ತೆಂಬ ದೋಷವಿದ್ದು, ಇನ್ನೂ ಸುರಕ್ಷಿತವಾದ ಔಷಧಿಗಳು ಬಂದ ಮೇಲೆ ಅದು ಹಿಂದೆ ಸರಿಯಿತು.

ಅದೇ ಕುಲದ ಇನ್ನೊಂದು ಗಿಡದ ಕಥೆ ಇನ್ನೂ ಬೋಧಪ್ರದ. ಅದು ಜಂತುವಿನದಲ್ಲ, ಮಲೇರಿಯಾದ್ದು. ಚೀನಾದ ಟು ಯುಯು ಎಂಬ ಮಹಿಳಾ ವಿಜ್ಞಾನಿ ಹಳೆಯ ವೈದ್ಯಗ್ರಂಥಗಳನ್ನು ಜಾಲಾಡಿ ಆ ಗಿಡವನ್ನು ಆರಿಸಿಕೊಂಡರು. ಮೊದಲ ಪ್ರಯೋಗಗಳಲ್ಲಿ ಫಲಿತಾಂಶ ಒಮ್ಮೆ ಬಂದರೆ ಇನ್ನೊಮ್ಮೆ ಬರುತ್ತಿರಲಿಲ್ಲ. ನಾಲ್ಕನೆಯ ಶತಮಾನದ ಗ್ರಂಥವೊಂದರಲ್ಲಿ ಗಿಡವನ್ನು ಕುದಿಸುವ ಮಾತೇ ಇಲ್ಲ, ನೀರಿನಲ್ಲಿ ನೆನೆಸಿ ಹಿಂಡಿದ ರಸ ಕುಡಿಯಬೇಕೆಂದಿದೆ ಎಂಬುದು ಆಮೇಲೆ ಅವರ ಗಮನಕ್ಕೆ ಬಂದಿತು. ಶಾಖದಿಂದಲೇ ಗುಣ ಕೆಡುತ್ತಿರಬೇಕೆಂದು ಊಹಿಸಿ, ಕಡಿಮೆ ಶಾಖದಲ್ಲಿ ಸಾರ ತೆಗೆದಾಗ 1971 ರಲ್ಲಿ ಔಷಧಿ ಕೈಗೆ ಸಿಕ್ಕಿತು. 2015 ರ ನೊಬೆಲ್ ಪಾರಿತೋಷಕದಲ್ಲಿ ಅರ್ಧ ಅವರಿಗೆ ಸಂದಿತು. ಉಳಿದರ್ಧ ಐವರ್ಮೆಕ್ಟಿನ್ ಶೋಧಕ್ಕೆ. ಅದರ ಮೂಲ ಜಪಾನಿನ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿ, ಯಾವ ಅಜ್ಜಿಯ ಮದ್ದೂ ಅಲ್ಲ! ಹಳ್ಳಿಮದ್ದೊಂದೇ ದಾರಿ ಎನ್ನುವವರು ಇದನ್ನೂ ನೆನಪಿನಲ್ಲಿಡಬೇಕು.

ಮುತ್ತುಗದ ಲೆಕ್ಕ

ನಮ್ಮ ಬಯಲುಸೀಮೆಯ ಕುರಿಗಾರರಿಗೆ ಹತ್ತಿರದ ಉದಾಹರಣೆ ಮುತ್ತುಗ. ಇದರ ಬೀಜ ಹುಳುವಿಗೆ ಒಳ್ಳೆಯದೆಂದು ಆಯುರ್ವೇದವೂ ಹೇಳುತ್ತದೆ. ಬೀಜದಲ್ಲಿ ಪಲಾಸೋನಿನ್ ಎಂಬ ವಸ್ತು ಇರುವುದು ನಿಜ, ಅದಕ್ಕೆ ಹುಳುವಿನ ಮೇಲೆ ಪರಿಣಾಮವಿರುವುದೂ ನಿಜ. ಆದರೆ ಮೈಗೆ ತಾಗಿದರೆ ಗುಳ್ಳೆ ಏಳಿಸುವ ಕೀಟಗಳಲ್ಲಿರುವ ವಿಷಕ್ಕೆ ಈ ವಸ್ತು ರಚನೆಯಲ್ಲಿ ಹತ್ತಿರದ ಬಂಧು. ಆದ್ದರಿಂದ ಅಳತೆ ಮೀರುವಂತಿಲ್ಲ.

ಪಾಕಿಸ್ತಾನದ ಫೈಸಲಾಬಾದಿನ ವಿಜ್ಞಾನಿಗಳು ಮುತ್ತುಗದ ಬೀಜದ ಪುಡಿಯನ್ನು ಕುರಿಗಳಿಗೇ ಕುಡಿಸಿ ನೋಡಿ 2006 ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಿ.ಗ್ರಾಂ. ತೂಕಕ್ಕೆ 3 ಗ್ರಾಂ ಪುಡಿ ಕೊಟ್ಟಾಗ ಹಿಕ್ಕೆಯಲ್ಲಿನ ಮೊಟ್ಟೆಗಳ ಸಂಖ್ಯೆ ಸುಮಾರು ಶೇಕಡಾ 78 ರಷ್ಟು ಇಳಿಯಿತು. ಗಿಡಮೂಲಿಕೆಗೆ ಇದು ಕಡಿಮೆ ಸಾಧನೆಯಲ್ಲ. ಈಗ ರೈತನ ಲೆಕ್ಕ ಹಾಕಿ ನೋಡೋಣ. 30 ಕಿ.ಗ್ರಾಂ. ತೂಗುವ ಕುರಿಗೆ 90 ಗ್ರಾಂ ಪುಡಿ ಬೇಕು. ನೂರು ಕುರಿಗಳ ಹಿಂಡಿಗೆ 9 ಕಿ.ಗ್ರಾಂ. ಮುತ್ತುಗದ ಒಂದು ಕಾಯಿಯಲ್ಲಿರುವುದು ಒಂದೇ ಬೀಜ! ಅದೇ ಕುರಿಗೆ ಬೇಕಾಗುವ ಆಲ್ಬೆಂಡಜೋಲ್ ಕಾಲು ಗ್ರಾಂಗಿಂತ ಕಡಿಮೆ. ಒಳ್ಳೆಯ ಜಂತುನಾಶಕವು ಮೊಟ್ಟೆಗಳನ್ನು ಕನಿಷ್ಠ ಶೇಕಡಾ 95 ರಷ್ಟಾದರೂ ಇಳಿಸಬೇಕೆಂಬುದು ಒಪ್ಪಿತ ಅಳತೆಗೋಲು. ಶೇಕಡಾ 78 ಅಷ್ಟು ಎತ್ತರಕ್ಕೆ ಏರುವುದಿಲ್ಲ. ಆದುದರಿಂದ ಮುತ್ತುಗ ಸದ್ಯಕ್ಕೆ ಔಷಧಿಯಲ್ಲ, ಔಷಧಿಯಾಗಬಹುದಾದ ಒಂದು ಸುಳಿವು ಎನ್ನುವುದೇ ಸರಿ.

ಪತ್ರಿಕೆಗಳಲ್ಲಿ ಇಂಥ ಗಿಡ ಹುಳುವನ್ನು ಕೊಂದಿತು ಎಂದು ಓದಿದಾಗ, ಎಲ್ಲಿ ಕೊಂದಿತು ಎಂದು ಕೇಳಬೇಕು. ಗಾಜಿನ ಬಟ್ಟಲಿನಲ್ಲಿ ಹುಳುವನ್ನಿಟ್ಟು ಗಾಢವಾದ ರಸ ಸುರಿದರೆ ಅದು ಸತ್ತೀತು. ಅದೇ ರಸ ಕುರಿಯ ಮೊದಲನೆಯ ದೊಡ್ಡ ಹೊಟ್ಟೆಗೆ ಬಿದ್ದಾಗ ಹಲವು ಲೀಟರು ಮೇವು ನೀರಿನಲ್ಲಿ ಕಲಸಿ ತೆಳುವಾಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ಹಾಕಲೂಬಹುದು. ನಾಲ್ಕನೆಯ ಹೊಟ್ಟೆಯ ಹುಳುವಿಗೆ ತಲಪುವುದೆಷ್ಟು? ನಮ್ಮ ದೇಶದ ಎಷ್ಟೋ ವರದಿಗಳಲ್ಲಿ ಪರೀಕ್ಷೆಗೆ ಬಳಸಿರುವುದು ಎರೆಹುಳುವನ್ನು! ಸುಲಭವಾಗಿ ಸಿಗುತ್ತದೆಂಬುದು ಬಿಟ್ಟರೆ ಅದಕ್ಕೂ ಕುರಿಯ ಜಂತುವಿಗೂ ಸಂಬಂಧವಿಲ್ಲ. ಎರೆಹುಳು ರೈತನ ಮಿತ್ರ. ಅದನ್ನು ಕೊಂದ ರಸಕ್ಕೆ ಜಂತುನಾಶಕವೆಂಬ ಬಿರುದು ಕೊಡುವುದು ಅವಸರದ ಮಾತು.

ಹುಳು ಸಾಯುವ ಅಳತೆಗೂ ಪ್ರಾಣಿಯೇ ಸಾಯುವ ಅಳತೆಗೂ ಎಷ್ಟು ಅಂತರವಿದೆ ಎನ್ನುವುದು ಇನ್ನೊಂದು ಮುಖ್ಯ ಪ್ರಶ್ನೆ. ಹೊಗೆಸೊಪ್ಪಿನ ಕಷಾಯ ಕುಡಿಸುವ ಪದ್ಧತಿ ಕೆಲವೆಡೆ ಇತ್ತು. ಅದರಲ್ಲಿನ ನಿಕೋಟಿನ್ ಹುಳುವಿನ ನರಗಳನ್ನು ಹಿಡಿಯುತ್ತದೆ. ಲೆವಮಿಸೋಲ್ ಕೆಲಸ ಮಾಡುವುದೂ ಅದೇ ದಾರಿಯಲ್ಲಿ, ಆದರೆ ಅದರ ಅಂತರ ಹೊಗೆಸೊಪ್ಪಿನದಕ್ಕಿಂತ ಹೆಚ್ಚು. ಹೊಗೆಸೊಪ್ಪಿನ ಅಂತರ ಬಹಳ ಕಿರಿದು. ಸೊಪ್ಪಿನ ಕಾರ ಬೆಳೆಯಿಂದ ಬೆಳೆಗೆ ಬೇರೆಯಾಗುವುದರಿಂದ ಇವತ್ತು ಉಳಿದ ಕುರಿ ನಾಳೆ ಅದೇ ಅಳತೆಗೆ ಸಾಯಬಹುದು. ಇದನ್ನು ಯಾವ ಕಾರಣಕ್ಕೂ ಪ್ರಯೋಗಿಸಬಾರದು. ಅಡಿಕೆಯ ಆರೆಕೋಲಿನ್ ನ್ಯೂಜಿಲೆಂಡಿನಲ್ಲಿ ಬಹುಕಾಲ ನಾಯಿಗಳ ಲಾಡಿಹುಳುವಿಗೆ ಬಳಕೆಯಲ್ಲಿತ್ತು. ಅದು ಹುಳುವನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಮಂಕಾಗಿಸಿ, ನಾಯಿಗೆ ಭೇದಿ ಹಿಡಿಸಿ ಹೊರದೂಡುತ್ತಿತ್ತು. 1970 ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಬಂದ ಮೇಲೆ ಅದರ ಕಾಲ ಮುಗಿಯಿತು.

ರೈತರ ಪಾಲು

ಈ ಹುಡುಕಾಟದ ಮೊದಲ ಹೆಜ್ಜೆ ಪ್ರಯೋಗಶಾಲೆಯಲ್ಲಿಲ್ಲ, ಹಟ್ಟಿಯಲ್ಲಿದೆ. ಗಿಡದ ಹೆಸರೊಂದನ್ನೇ ಹೇಳಿದರೆ ಸಾಲದು. ವಾಯುವಿಳಂಗವೆಂದು ಅಂಗಡಿಯಲ್ಲಿ ಕೊಡುವ ಕಾಳು ಒಂದೇ ಗಿಡದ್ದಲ್ಲ. ಅದರ ಹತ್ತಿರದ ಜಾತಿಗಳ ಕಾಳುಗಳೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಗಿಡದ ಯಾವ ಭಾಗ, ಯಾವ ತಿಂಗಳಲ್ಲಿ ಕಿತ್ತದ್ದು, ಹಸಿಯೋ ಒಣಗಿದ್ದೋ, ನೆನೆಸಿದ್ದೋ ಕುದಿಸಿದ್ದೋ, ಎಷ್ಟು ತೂಕದ ಪ್ರಾಣಿಗೆ ಎಷ್ಟು ಕೊಟ್ಟದ್ದು, ಇವನ್ನೆಲ್ಲ ಬರೆದಿಟ್ಟು, ಹೂವಿರುವ ರೆಂಬೆಯೊಂದನ್ನು ಕಾಗದದ ನಡುವೆ ಒಣಗಿಸಿ ಇಟ್ಟರೆ ಅದು ವಿಜ್ಞಾನಿಗೆ ಬೆಲೆಯುಳ್ಳ ದಾಖಲೆ. 2002 ರ ಜೈವಿಕ ವೈವಿಧ್ಯ ಕಾಯಿದೆಯ ಮೇರೆಗೆ ಪಂಚಾಯತಿಗಳಲ್ಲಿ ಇಡುವ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಇಂಥ ತಿಳುವಳಿಕೆಯನ್ನು ಸೇರಿಸಿದರೆ, ಮೂಲ ಯಾವ ಊರಿನದೆಂಬುದಕ್ಕೂ ಆಧಾರ ಉಳಿಯುತ್ತದೆ.

ಹೊಸ ಔಷಧಿ ಬರುವ ತನಕ ಇರುವ ಔಷಧಿಗಳ ಬಲವನ್ನು ಕಾಯ್ದುಕೊಳ್ಳಬೇಕು. ಹಿಂಡಿನ ಎಲ್ಲ ಕುರಿಗಳಿಗೂ ಒಟ್ಟಿಗೆ ಕುಡಿಸುವ ಅಭ್ಯಾಸ ಬಿಡುವುದು ಲೇಸು. ಹುಳುಗಳಲ್ಲಿ ಹೆಚ್ಚಿನ ಪಾಲು ಕೆಲವೇ ಕುರಿಗಳಲ್ಲಿರುತ್ತದೆ. ದಕ್ಷಿಣ ಆಫ್ರಿಕದಲ್ಲಿ ಕಣ್ಣಿನ ಒಳರೆಪ್ಪೆಯ ಬಣ್ಣವನ್ನು ಐದು ದರ್ಜೆಯ ಚಿತ್ರಪಟದೊಡನೆ ಹೋಲಿಸಿ, ಬಿಳಿಚಿದ ಕುರಿಗಳಿಗೆ ಮಾತ್ರ ಔಷಧಿ ಕೊಡುವ ವಿಧಾನ ರೂಢಿಗೆ ಬಂದಿದೆ. ರಕ್ತ ಹೀರುವ ಹೀಮಾಂಕಸ್‌ಗೆ ಮಾತ್ರ ಇದು ಸಲ್ಲುತ್ತದೆ. ಅಳತೆಯನ್ನು ಕಣ್ಣಂದಾಜಿನಿಂದಲ್ಲ, ತೂಕ ನೋಡಿ ನಿರ್ಧರಿಸಬೇಕು.

ಕೊಟ್ಟ ಔಷಧಿ, ಅದು ಅಂಗಡಿಯದಾಗಲಿ ಹಳ್ಳಿಯದಾಗಲಿ, ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವ ಪರೀಕ್ಷೆ ಒಂದೇ. ಕುಡಿಸುವ ದಿನ ಹತ್ತು ಕುರಿಗಳ ಹಿಕ್ಕೆಯನ್ನು ನೆಲದಿಂದ ಆರಿಸದೆ ನೇರವಾಗಿ ಗುದದ್ವಾರದಿಂದಲೇ ತೆಗೆದು, ಬೇರೆ ಬೇರೆ ಪೊಟ್ಟಣ ಕಟ್ಟಿ ಗುರುತು ಹಾಕಿ, ಅಂದೇ ಪಶು ಆಸ್ಪತ್ರೆಗೆ ಒಯ್ಯಬೇಕು. ಬಿಸಿಲಿನಲ್ಲಿಟ್ಟರೆ ಮೊಟ್ಟೆ ಒಡೆದು ಎಣಿಕೆ ತಪ್ಪುತ್ತದೆ. ಅದೇ ಕುರಿಗಳ ಹಿಕ್ಕೆಯನ್ನು 10 ರಿಂದ 14 ದಿನಗಳ ನಂತರ ಮತ್ತೊಮ್ಮೆ ಒಯ್ದು, ಎರಡು ಎಣಿಕೆಗಳನ್ನೂ ಬರೆಸಿಕೊಂಡು ಬರಬೇಕು.